ಬಿಳಿ ಸರಸ್ವತಿ, ಕಪ್ಪು ಶಾಯಿ: ನಿಬ್ಬಿನಲ್ಲಿ ದೇವಿಯ ರೇಖಾಚಿತ್ರ ಬರೆಯುವ ಕ್ರಮ

ಮೈಬಣ್ಣ ಮೊಲ್ಲೆಯಂತೆ, ಚಂದ್ರನಂತೆ, ಮಂಜಿನ ಹನಿಯಂತೆ ಬಿಳಿ. ಉಟ್ಟದ್ದು ಬಿಳಿ ಸೀರೆ, ಕೂತದ್ದು ಬಿಳಿ ತಾವರೆ, ಕೈಯಲ್ಲಿ ವೀಣೆ. ಮಕ್ಕಳ ಬಾಯಲ್ಲೂ ಇರುವ ಶ್ಲೋಕ ಸರಸ್ವತಿಯನ್ನು ವರ್ಣಿಸುವುದು ಹೀಗೆ. ಶಾಯಿಯಲ್ಲಿ ಬರೆಯುವವರ ಹತ್ತಿರ ಇರುವುದು ಕಪ್ಪು ಒಂದೇ. ಬಿಳಿ ಕಾಗದದಲ್ಲಿ ಮೊದಲೇ ಇದೆ. ಅದನ್ನು ಕೆಡಿಸದೆ ಎಲ್ಲಿ ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವುದರಲ್ಲೇ ಈ ಚಿತ್ರದ ಮುಕ್ಕಾಲು ಕೆಲಸ ಮುಗಿಯುತ್ತದೆ. ನಿಬ್ಬು ಹಿಡಿದು ದೇವರ ಚಿತ್ರ ಕಲಿಯುವವರು ಸರಸ್ವತಿಯಿಂದ ಮೊದಲು ಮಾಡಲಿ ಎನ್ನಲು ಇದೇ ಕಾರಣ. ಕಾಳಿಯನ್ನೋ ಕೃಷ್ಣನನ್ನೋ ಬರೆಯುವಾಗ ತಪ್ಪಿದ ಗೆರೆಯನ್ನು ನೆರಳಿನಲ್ಲಿ ಮುಚ್ಚಬಹುದು. ಇಲ್ಲಿ ಮುಚ್ಚಲು ಜಾಗವಿಲ್ಲ.

ಇಲ್ಲಿ ಕೊಟ್ಟಿರುವ ಅಳತೆಗಳು ಎ3 ಹಾಳೆಗೆ, ಅಂದರೆ 297 × 420 ಮಿ.ಮೀ. ಕಾಗದಕ್ಕೆ. ದೇವಿ ಎದುರುಮುಖವಾಗಿ ಕಾಲು ಮಡಚಿ ಕೂತಿದ್ದಾಳೆ, ನಾಲ್ಕು ಕೈ. ಮುಂದಿನ ಎರಡು ಕೈಗಳು ವೀಣೆಯ ಮೇಲೆ, ಹಿಂದಿನ ಬಲಗೈಯಲ್ಲಿ ಜಪಮಾಲೆ, ಹಿಂದಿನ ಎಡಗೈಯಲ್ಲಿ ಓಲೆಗರಿಯ ಪುಸ್ತಕ.

ಸಾಮಗ್ರಿ

ಕಾಗದದ ವಿಷಯದಲ್ಲಿ ಉಳಿತಾಯ ಮಾಡಬೇಡಿ. ನುಣುಪಾದ ಮೈಯ ಬ್ರಿಸ್ಟಲ್ ಬೋರ್ಡ್, ಅಥವಾ 300 ಜಿಎಸ್‌ಎಂನ ಬಿಸಿ ಒತ್ತಿನಿಂದ ನುಣುಪು ಮಾಡಿದ ಹಾಟ್ ಪ್ರೆಸ್ ಜಲವರ್ಣ ಕಾಗದ ಆಗಬೇಕು. ಅಭ್ಯಾಸಕ್ಕೆ ಸ್ಟೇಷನರಿ ಅಂಗಡಿಯ ಐವರಿ ಶೀಟು ಸಾಕು, ಆದರೆ ಅದರ ಮೇಲ್ಪದರ ತೆಳು. ಬ್ಲೇಡಿನಿಂದ ಒಮ್ಮೆ ಕೆರೆದರೆ ಅಲ್ಲಿ ಮತ್ತೆ ಶಾಯಿ ನಿಲ್ಲದು. ತರಿತರಿಯಾದ ಕಾಗದ ಬೇಡವೇ ಬೇಡ. ನಿಬ್ಬಿನ ತುದಿ ನಾರಿಗೆ ಸಿಕ್ಕಿ, ಬಿಡಿಸಿಕೊಂಡು ಚಿಮ್ಮುವಾಗ ಹನಿ ಸಿಡಿಯುತ್ತದೆ, ಅದೂ ಸಾಮಾನ್ಯವಾಗಿ ಮುಖದ ಮೇಲೆಯೇ.

ಶಾಯಿ ವಾಟರ್‌ಪ್ರೂಫ್ ಇಂಡಿಯನ್ ಇಂಕ್ ಆಗಿರಲಿ. ಇದರಲ್ಲಿರುವುದು ಇಂಗಾಲದ ಕಪ್ಪು ಮತ್ತು ಅದನ್ನು ಹಿಡಿದಿಡುವ ಅರಗು. ಹಿಂದಿನವರು ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡುತ್ತಿದ್ದ ಮಸಿಯ ಕಪ್ಪೂ ಇಂಗಾಲದ್ದೇ. ಅದಕ್ಕೇ ಆ ಬರಹ ಇಂದಿಗೂ ಮಾಸಿಲ್ಲ. ಫೌಂಟನ್ ಪೆನ್ನಿನ ಶಾಯಿಯಲ್ಲಿ ಸಾಮಾನ್ಯವಾಗಿ ಇರುವುದು ಕರಗುವ ಬಣ್ಣ. ಬೆಳಕಿಗೆ ಪೇಲವವಾಗುತ್ತದೆ, ನೀರು ತಗುಲಿದರೆ ಹರಡುತ್ತದೆ. ಹಾಗೆಯೇ ಇಂಡಿಯನ್ ಇಂಕನ್ನು ಯಾವ ಕಾರಣಕ್ಕೂ ಫೌಂಟನ್ ಪೆನ್ನಿಗೆ ತುಂಬಬೇಡಿ. ಒಳಗಿನ ಸಣ್ಣ ದಾರಿಯಲ್ಲಿ ಅರಗು ಗಟ್ಟಿಯಾದರೆ ಪೆನ್ನು ಹೋದಂತೆಯೇ.

ನಿಬ್ಬುಗಳು ಎರಡು ಬಗೆ ಬೇಕು. ಹೊರಗೆರೆಗೆ ಸ್ವಲ್ಪ ಬಿಗಿಯಾದ ಜಿ ನಿಬ್ಬು. ನಿಕ್ಕೊ ಅಥವಾ ಜೀಬ್ರಾ ಯಾವುದಾದರೂ ಸರಿ. ಸೀರೆಯ ನೆರಿಗೆ, ಕೂದಲು, ಕಿರೀಟದ ಕುಸುರಿಗೆ ಗಿಲಟ್ 303 ಅಥವಾ ಹಂಟ್ 102. ಹಂಟ್ 102ರ ಬುಡ ಸಣ್ಣ ಕೊಳವೆಯಂತಿರುವುದರಿಂದ ಮಾಮೂಲು ಹೋಲ್ಡರಿಗೆ ಕೂರುವುದಿಲ್ಲ, ಅದಕ್ಕೆಂದೇ ಬೇರೆ ಹೋಲ್ಡರ್ ಕೊಳ್ಳಬೇಕು. ಮುತ್ತು, ವೀಣೆಯ ತಂತಿಯಂಥ ಒಂದೇ ದಪ್ಪದ ಗೆರೆಗಳಿಗೆ ಪಿಗ್ಮೆಂಟ್ ಪೆನ್ನು ವಾಸಿ. ಮೈಕ್ರಾನ್ ಎಂಬ ಪೆನ್ನಿನಲ್ಲಿ 005 ಎಂದರೆ 0.20 ಮಿ.ಮೀ., 01 ಎಂದರೆ 0.25, 05 ಎಂದರೆ 0.45, ಈ ಮೂರು ಸಾಕು. ಇಡೀ ಚಿತ್ರವನ್ನು ಇಂಥ ಪೆನ್ನಿನಲ್ಲೇ ಮುಗಿಸುವವರಿದ್ದಾರೆ, ಅಚ್ಚುಕಟ್ಟಾಗಿಯೇ ಬರುತ್ತದೆ. ಆದರೆ ತೋಳಿನ ಗೆರೆ ಭುಜದಲ್ಲಿ ತೆಳುವಾಗಿ ಹುಟ್ಟಿ, ನಡುವೆ ತುಂಬಿ, ಮೊಣಕೈಯಲ್ಲಿ ಮತ್ತೆ ಸಣ್ಣಗಾಗುವ ಉಸಿರು ನಿಬ್ಬಿನಲ್ಲಿ ಮಾತ್ರ ಸಿಗುತ್ತದೆ.

ಇಷ್ಟಲ್ಲದೆ 2ಎಚ್ ಮತ್ತು 2ಬಿ ಪೆನ್ಸಿಲ್, ಕಲಸಿದ ಹಿಟ್ಟಿನಂತೆ ಮಿದುವಾದ ನೀಡೆಡ್ ರಬ್ಬರ್, ಟ್ರೇಸಿಂಗ್ ಕಾಗದ, 2ನೇ ನಂಬರಿನ ದುಂಡು ಕುಂಚ, ಕೈವಾರ, ನೂಲು ಬಿಡದ ಹತ್ತಿ ಬಟ್ಟೆ, ಬ್ಲಾಟಿಂಗ್ ಕಾಗದ. ಹಲಗೆಯನ್ನು ಸುಮಾರು 25 ಡಿಗ್ರಿ ಓರೆ ಇಟ್ಟುಕೊಳ್ಳಿ. ಮೇಜು ಚಪ್ಪಟೆಯಾಗಿದ್ದರೆ ಬಗ್ಗಿ ನೋಡುವ ಕಣ್ಣಿಗೆ ಚಿತ್ರದ ಮೇಲ್ಭಾಗ ಕುಗ್ಗಿ ಕಾಣುತ್ತದೆ; ಅದನ್ನು ಸರಿದೂಗಿಸಲು ಕೈ ತಾನಾಗಿ ಕಿರೀಟವನ್ನು ಉದ್ದ ಮಾಡಿಬಿಡುತ್ತದೆ.

ಅಳತೆ: ಅಂಗುಲ 3 ಮಿ.ಮೀ.

ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ಮೈಯ ಅಳತೆ ಹೇಳುವ ಶಿಲ್ಪಿಗಳ ತಾಳಮಾನವನ್ನೇ ಕಾಗದಕ್ಕೆ ಇಳಿಸಿಕೊಳ್ಳುತ್ತೇವೆ. ಇಲ್ಲಿ ಅಂಗುಲ ಎಂದರೆ ಇಂಚಲ್ಲ. ಒಂದು ತಾಳಕ್ಕೆ 12 ಅಂಗುಲ, ನವತಾಳದ ನಿಂತ ಮೂರ್ತಿಗೆ ಒಟ್ಟು 108 ಅಂಗುಲ. ಕೂದಲಂಚಿನಿಂದ ಗಲ್ಲದವರೆಗೆ ಮುಖ 12, ಕತ್ತು 4, ಕತ್ತಿನ ಬುಡದಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ತೊಡೆಯ ಮೂಲಕ್ಕೆ 12, ತೊಡೆ 24, ಮಂಡಿ 4, ಮಂಡಿಯ ಕೆಳಗಿನ ಕಾಲು 24, ಪಾದ 4. ದೇವಿಯರಿಗೆ ಇನ್ನೂ ಎತ್ತರದ ದಶತಾಳವನ್ನು ಹೇಳುವ ಶಾಸ್ತ್ರಗಳೂ ಇವೆ. ಕೂತ ಚಿತ್ರದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೆಚ್ಚು ಬೀಳುವುದಿಲ್ಲ. ಮೊದಲ ಚಿತ್ರಕ್ಕೆ ನವತಾಳದ ಸರಳ ಲೆಕ್ಕವೇ ಇರಲಿ.

ಎ3 ಹಾಳೆಯಲ್ಲಿ ಅಂಗುಲಕ್ಕೆ 3 ಮಿ.ಮೀ. ಹಿಡಿದರೆ ಎಲ್ಲವೂ ಕೂರುತ್ತದೆ. ಕೂದಲಂಚಿನಿಂದ ಆಸನದವರೆಗೆ 12+4+12+12+12, ಅಂದರೆ 52 ಅಂಗುಲ, 156 ಮಿ.ಮೀ. ತಲೆಗೂದಲಿಗೆ 4, ಕಿರೀಟಕ್ಕೆ 18 ಸೇರಿ ಮೇಲೆ 66 ಮಿ.ಮೀ.; ಪದ್ಮಪೀಠಕ್ಕೆ 12 ಅಂಗುಲ, 36 ಮಿ.ಮೀ. ಪ್ರಭಾವಳಿಗೆ ಕಿರೀಟದ ಮೇಲೆ ಇನ್ನೊಂದು 30 ಮಿ.ಮೀ. ಬಿಟ್ಟರೆ ಒಟ್ಟು 288. ಮೇಲೆ ಕೆಳಗೆ ಸೇರಿ 132 ಮಿ.ಮೀ. ಉಳಿಯುತ್ತದೆ. ಅದನ್ನು ಸಮಪಾಲು ಮಾಡದೆ ಕೆಳಗೆ ಸುಮಾರು 72, ಮೇಲೆ 60 ಬಿಡಿ. ಕೆಳಗಿನ ಅಂಚು ಕಿರಿದಾದರೆ ಪೀಠ ಜಾರಿಬೀಳುವಂತೆ ಕಾಣುತ್ತದೆ. ಮಂಡಿಯಿಂದ ಮಂಡಿಗೆ ಅಗಲವೂ ಹೆಚ್ಚುಕಡಿಮೆ 52 ಅಂಗುಲ. ಕೂದಲಂಚಿನ ನಡುಬಿಂದುವಿನಿಂದ ಎರಡು ಮಂಡಿಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಅಗಲ ಎತ್ತರ ಸಮನಾದ ತ್ರಿಕೋನವಾಗಬೇಕು. ಇದಕ್ಕಿಂತ ಕಿರಿದಾದರೆ ದೇವಿ ಮಣೆಯ ತುದಿಯಲ್ಲಿ ಕೂತಂತಾಗುತ್ತದೆ.

ಮುಖದ 36 ಮಿ.ಮೀ.ಗಳನ್ನು ಸರಿಯಾಗಿ ಮೂರು ಪಾಲು ಮಾಡಿ: ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ; ಒಂದೊಂದಕ್ಕೆ 12 ಮಿ.ಮೀ. ಕಣ್ಣು 2 ಅಂಗುಲ ಉದ್ದ, ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಕಣ್ಣಾಲಿ ಕಣ್ಣಿನ ಉದ್ದದ ಮೂರನೆಯ ಒಂದು ಪಾಲು, ಇಲ್ಲಿ 2 ಮಿ.ಮೀ. ಕಣ್ಣಿನ ಹೊರತುದಿಯನ್ನು ಮೀನಿನ ಬಾಲದಂತೆ ಒಂದೆರಡು ಮಿ.ಮೀ. ಎಳೆಯುವ ರೂಢಿಯಿದೆ, ಎಳೆಯಿರಿ. ಆದರೆ ಕಣ್ಣಾಲಿಯನ್ನು ದೊಡ್ಡದು ಮಾಡಬೇಡಿ. ಶಾಂತವಾಗಿರಬೇಕಾದ ನೋಟ ಬೆಚ್ಚಿದಂತಾಗುತ್ತದೆ.

ಅಂಗೈ 7, ನಡುಬೆರಳು 5, ಸೇರಿ ಕೈ ಮುಖದಷ್ಟೇ ಉದ್ದ. ಹಿಂದಿನ ಕೈಗಳು ಹುಟ್ಟುವುದು ಮುಂದಿನ ತೋಳುಗಳ ಭುಜದಿಂದಲೇ. ಮೊಣಕೈಯ ಹತ್ತಿರದಿಂದ ಕವಲೊಡೆದಂತೆ ಬರೆಯುವುದು ಹೊಸಬರೆಲ್ಲರ ತಪ್ಪು. ನಾಲ್ಕೂ ತೋಳುಗಳನ್ನು ಪೆನ್ಸಿಲಿನಲ್ಲಿ ಭುಜದವರೆಗೆ ಪೂರ್ತಿ ಎಳೆದುಕೊಂಡು, ಮರೆಯಾಗುವ ಭಾಗವನ್ನು ಆಮೇಲೆ ಅಳಿಸಿದರೆ ಈ ತಪ್ಪಾಗದು. ಹಿಂದಿನ ಕೈಗಳ ಮಣಿಕಟ್ಟು ಕಿವಿಯ ಮಟ್ಟಕ್ಕಿರಲಿ. ಭುಜದ ಮಟ್ಟಕ್ಕೆ ಇಳಿಸಿದರೆ ದೇವಿಯ ಎಡಗಡೆ ವೀಣೆಯ ದಂಡಿಗೂ ಪುಸ್ತಕಕ್ಕೂ ಡಿಕ್ಕಿಯಾಗುತ್ತದೆ.

ಯಾವ ಕೈಯಲ್ಲಿ ಏನು, ಯಾವ ಆಸನ, ಯಾವ ವಾಹನ ಎಂಬುದನ್ನು ಊಹಿಸಿ ಬರೆಯಬಾರದು. ಅದಕ್ಕೆ ಧ್ಯಾನಶ್ಲೋಕಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಮೈಸೂರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ, ಅಂದರೆ ಭಾಗಗಳಲ್ಲಿ, ದೇವತೆಗಳ ರೂಪಗಳನ್ನು ಶ್ಲೋಕ ಮತ್ತು ಚಿತ್ರ ಜೋಡಿಸಿ ಕೊಟ್ಟಿದೆ. ಗಣಪತಿಯೊಬ್ಬನದೇ 32 ರೂಪಗಳಿವೆ. ಮೈಸೂರು ಶೈಲಿಯ ಮೂಲ ಚಿತ್ರಗಳನ್ನು ಜಗನ್ಮೋಹನ ಅರಮನೆಯಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹತ್ತಿರ ನಿಂತು ನೋಡಿ. ಬಣ್ಣ, ಚಿನ್ನದ ರೇಕುಗಳ ಕಡೆಗಲ್ಲ, ಗಲ್ಲದ ಗೆರೆ ಕತ್ತಿಗೆ ಎಲ್ಲಿ ಸೇರುತ್ತದೆ, ಬೆರಳುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬ ಕಡೆಗೆ ಗಮನವಿರಲಿ.

ವೀಣೆಯನ್ನು ವೀಣೆಯಂತೆ ಬರೆಯುವುದು

ಸರಸ್ವತಿಯ ಚಿತ್ರಗಳಲ್ಲಿ ಅತಿ ಹೆಚ್ಚು ಕೆಡುವುದು ವೀಣೆ. ವೀಣೆ ನುಡಿಸುವವರು ಒಂದು ಕ್ಷಣ ನೋಡಿದರೆ ತಪ್ಪು ಗೊತ್ತಾಗುತ್ತದೆ, ವಿದ್ಯೆಯ ದೇವಿಯ ಕೈಗೆ ನುಡಿಯದ ವಾದ್ಯ ಕೊಡುವುದು ತರವಲ್ಲ.

ದೇವಿಯ ಬಲತೊಡೆಯ ಕಡೆ, ಅಂದರೆ ನೋಡುವವರ ಎಡಕ್ಕೆ ವೀಣೆಯ ಕೊಡ. ದಂಡಿ ಅಲ್ಲಿಂದ ನಮ್ಮ ಬಲಕ್ಕೆ ಏರುತ್ತದೆ, ತುದಿಯಲ್ಲಿ ಸಿಂಹದಂಥ ಕಾಲ್ಪನಿಕ ಪ್ರಾಣಿಯಾದ ಯಾಳಿಯ ಮುಖ, ಅದರ ಈಚೆ ದಂಡಿಯ ಕೆಳಗೆ ಸೋರೆಬುರುಡೆ. ಬಲಗೈ ಮೀಟುತ್ತದೆ, ಎಡಗೈ ಮೆಟ್ಟುಗಳ ಮೇಲಿರುತ್ತದೆ. ನಿಜವಾದ ವೀಣೆ ಸುಮಾರು ನಾಲ್ಕಡಿ. ನಮ್ಮ ಅಳತೆಯಲ್ಲಿ 250 ಮಿ.ಮೀ. ಹತ್ತಿರ ಬಂದು ಚೌಕಟ್ಟಿನಿಂದ ಹೊರಗೆ ಚಾಚುತ್ತದೆ. ಅದನ್ನು 210 ಮಿ.ಮೀ.ಗೆ ಇಳಿಸಿ 25 ಡಿಗ್ರಿ ಓರೆ ಮಾಡಿ. ಇಷ್ಟು ಕಿರಿದು ಮಾಡುವುದು ತಪ್ಪೇನಲ್ಲ. ಆದರೆ ಎಲ್ಲ ಭಾಗವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು. ದಂಡಿಯನ್ನಷ್ಟೇ ಮೊಟಕು ಮಾಡಿ ಕೊಡವನ್ನು ಹಾಗೆಯೇ ಬಿಟ್ಟರೆ ವೀಣೆ ತಂಬಿಗೆಯಾಗುತ್ತದೆ.

ಮೆಟ್ಟುಗಳು 24. ಅವುಗಳ ನಡುವಿನ ಜಾಗ ಒಂದೇ ಸಮ ಇರುವುದಿಲ್ಲ, ಕೊಡದ ಮೇಲೆ ತಂತಿಗಳನ್ನು ಹೊರುವ ಕುದುರೆಯ ಕಡೆಗೆ ಬಂದಂತೆ ಒತ್ತಾಗುತ್ತ ಹೋಗುತ್ತದೆ. ಬಿರಡೆಯ ಕಡೆ ತಂತಿಗಳು ಹಾಯುವ ಪಟ್ಟಿಯಾದ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 140 ಮಿ.ಮೀ. ಎಂದುಕೊಳ್ಳಿ. ಮೊದಲ ಮೆಟ್ಟು ಮೇರುವಿನಿಂದ ಸುಮಾರು 8 ಮಿ.ಮೀ.ಗೆ, 12ನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 70ಕ್ಕೆ, 24ನೆಯದು ಮುಕ್ಕಾಲಿಗೆ, 105ಕ್ಕೆ. ಕೊನೆಯ ಎರಡು ಮೆಟ್ಟುಗಳ ನಡುವೆ ಉಳಿಯುವುದು 2 ಮಿ.ಮೀ. ಈ ಮೂರು ಗುರುತು ಮೊದಲು ಹಾಕಿ, ನಡುವಿನವನ್ನು ಕಣ್ಣಂದಾಜಿನಲ್ಲಿ ಕ್ರಮವಾಗಿ ಒತ್ತರಿಸುತ್ತ ಬಂದರೆ ಸಾಕು. 24ನೆಯ ಮೆಟ್ಟಿನಿಂದ ಕುದುರೆಯವರೆಗಿನ ಜಾಗ ಬರಿದು. ಮೀಟುವ ಬೆರಳು ಅಲ್ಲಿರಬೇಕು.

ತಂತಿ ಏಳು: ಮೆಟ್ಟುಗಳ ಮೇಲೆ ಹಾಯುವವು ನಾಲ್ಕು, ಪಕ್ಕದಲ್ಲಿ ತಾಳದ ತಂತಿ ಮೂರು. ಶಾಯಿ ಹಾಕುವಾಗ ಮೆಟ್ಟುಗಳನ್ನು 05 ಪೆನ್ನಿನಲ್ಲಿ ಮೊದಲು ಎಳೆದು, ಒಣಗಿದ ಮೇಲೆ ತಂತಿಗಳನ್ನು 005ರಲ್ಲಿ ಅಡಿಪಟ್ಟಿ ಇಟ್ಟು ಒಂದೇ ಎಳೆತಕ್ಕೆ ಎಳೆಯಿರಿ. ಅಡಿಪಟ್ಟಿಯ ಅಡಿಗೆ ಸೆಲ್ಲೋಟೇಪಿನ ಎರಡು ಪದರ ಅಂಟಿಸಿ ಅಂಚನ್ನು ಕಾಗದದಿಂದ ಎತ್ತರಿಸಿಕೊಳ್ಳದಿದ್ದರೆ ಶಾಯಿ ಅಡಿಗೆ ನುಗ್ಗಿ ಬಳಿದುಹೋಗುತ್ತದೆ. ಮೆಟ್ಟಿನ ಮೇಲಿರುವ ಬೆರಳುಗಳ ಹತ್ತಿರ ತಂತಿಯನ್ನು ನಿಲ್ಲಿಸಿ, ಬೆರಳು ದಾಟಿ ಮತ್ತೆ ಹಿಡಿಯಿರಿ.

ಕರಡಿನಿಂದ ಹಾಳೆಗೆ

ಕರಡನ್ನು ಎಂದೂ ಅಸಲು ಹಾಳೆಯ ಮೇಲೆ ಮಾಡಬೇಡಿ. ರಬ್ಬರ್ ಉಜ್ಜಿದ ಕಡೆಯೆಲ್ಲ ನಾರೆದ್ದು ಶಾಯಿ ಹೀರುತ್ತದೆ. ಟ್ರೇಸಿಂಗ್ ಕಾಗದದ ಮೇಲೆ ಕರಡು ಮುಗಿಸಿ, ಹಿಂಬದಿಗೆ 2ಬಿ ಪೆನ್ಸಿಲ್ ತೆಳುವಾಗಿ ಉಜ್ಜಿ, ಹತ್ತಿಯಿಂದ ಒರೆಸಿ, ಅಸಲು ಹಾಳೆಯ ಮೇಲೆ ಟೇಪಿನಿಂದ ಹಿಡಿಸಿ 2ಎಚ್‌ನಲ್ಲಿ ಗೆರೆಗಳ ಮೇಲೆ ಹಗುರಾಗಿ ತಿದ್ದಿ. ಕಾರ್ಬನ್ ಕಾಗದ ಬಳಸಬೇಡಿ. ಅದರ ಮೇಣದ ಮೇಲೆ ಶಾಯಿ ನಿಲ್ಲದು, ಅದನ್ನು ಅಳಿಸಲೂ ಆಗದು.

ಇಲ್ಲೊಂದು ಅಪಾಯ. ಟ್ರೇಸಿಂಗ್ ಕಾಗದ ಮಗುಚಿಬಿದ್ದರೆ ದೇವಿ ಕನ್ನಡಿಯ ಬಿಂಬವಾಗುತ್ತಾಳೆ: ವೀಣೆ ಎಡಗೈಯ ಮೀಟಾಗುತ್ತದೆ, ಜಪಮಾಲೆ ಎಡಕ್ಕೆ, ಪುಸ್ತಕ ಬಲಕ್ಕೆ. ಕರಡಿನ ಮೂಲೆಯಲ್ಲಿ ಒಂದು ಅಕ್ಷರ ಬರೆದಿಟ್ಟರೆ ತಿರುಗಿದ್ದು ತಕ್ಷಣ ಗೊತ್ತಾಗುತ್ತದೆ.

ಹಾಳೆಗೆ ಇಳಿದ ಪೆನ್ಸಿಲ್ ಗೆರೆಯನ್ನು ನೀಡೆಡ್ ರಬ್ಬರಿನಿಂದ ಒತ್ತಿ ಒತ್ತಿ ಎತ್ತಿ, ಕಂಡೂ ಕಾಣದಷ್ಟು ಪೇಲವ ಮಾಡಿ. ದಟ್ಟವಾಗಿ ಉಳಿದ ಪೆನ್ಸಿಲ್ ಪುಡಿ ಜಾರು ಜಾರಾಗಿ ಶಾಯಿಯನ್ನು ಒಲ್ಲೆನ್ನುತ್ತದೆ.

ನಿಬ್ಬು ಪಳಗಿಸುವುದು

ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲೇ ಎಣ್ಣೆಯ ಲೇಪ ಕೊಟ್ಟಿರುತ್ತಾರೆ. ಅದಿರುವವರೆಗೆ ಶಾಯಿ ಮುತ್ತುಗಟ್ಟಿ ಮೇಲೇ ಕೂರುತ್ತದೆ, ಆಮೇಲೆ ಒಮ್ಮೆಲೆ ಕಾಗದಕ್ಕೆ ಸುರಿಯುತ್ತದೆ. ಹತ್ತಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ನಿಬ್ಬಿನ ಎರಡೂ ಮೈ ಉಜ್ಜಿ, ತೊಳೆದು ಒರೆಸಿ. ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿದರೆ ನಿಬ್ಬು ಸಿದ್ಧ.

ಶಾಯಿಯಲ್ಲಿ ಅದ್ದುವಾಗ ನಿಬ್ಬಿನ ನಡುವಿನ ತೂತಿನ ಅರ್ಧದವರೆಗೆ ಮುಳುಗಿದರೆ ಸಾಕು. ಸೀಸೆಯ ಬಾಯಿಗೆ ತಾಗಿಸಿ ಹೆಚ್ಚಿನದನ್ನು ಇಳಿಸಿ, ಮೊದಲ ಗೆರೆಯನ್ನು ಯಾವಾಗಲೂ ಪಕ್ಕದ ಚೂರು ಕಾಗದದ ಮೇಲೆ ಎಳೆಯಿರಿ. ನಿಬ್ಬನ್ನು ನಿಮ್ಮ ಕಡೆಗೆ ಎಳೆಯಬೇಕು, ಮುಂದಕ್ಕೆ ತಳ್ಳಬಾರದು. ತಳ್ಳಿದರೆ ಎರಡು ಮೊನೆಗಳು ಕಾಗದಕ್ಕೆ ಕಚ್ಚಿ ಸಿಡಿಯುತ್ತವೆ. ಗೆರೆ ಯಾವ ದಿಕ್ಕಿಗೆ ಹೋಗಬೇಕೋ ಅದಕ್ಕೆ ತಕ್ಕಂತೆ ಹಾಳೆಯನ್ನೇ ತಿರುಗಿಸಿಕೊಳ್ಳಿ. ಅದಕ್ಕಾಗಿಯೇ ಹಾಳೆಯನ್ನು ಹಲಗೆಗೆ ಅಂಟಿಸದೆ ಬಿಡಿಯಾಗಿ ಇಟ್ಟುಕೊಳ್ಳುವುದು.

ಫ್ಯಾನಿನ ಕೆಳಗೆ ಕೂತರೆ ಶಾಯಿ ನಿಬ್ಬಿನಲ್ಲೇ ಒಣಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರಿನಲ್ಲಿ ಅದ್ದಿ ಬಟ್ಟೆಯಿಂದ ಒರೆಸುವ ಅಭ್ಯಾಸವಿದ್ದರೆ ಒಂದು ನಿಬ್ಬು ಇಡೀ ಚಿತ್ರಕ್ಕೆ ಬಾಳುತ್ತದೆ. ಸೀಸೆಯ ಶಾಯಿ ದಪ್ಪವಾಗುತ್ತ ಬಂದರೆ ಬೇರೆ ಬಟ್ಟಲಿಗೆ ಸ್ವಲ್ಪ ಸುರಿದು ಡಿಸ್ಟಿಲ್ಡ್ ನೀರಿನ ಒಂದೆರಡು ಹನಿ ಬೆರೆಸಿ. ಇಡೀ ಸೀಸೆಗೆ ನೀರು ಸುರಿಯಬೇಡಿ.

ಗೆರೆಯ ಕ್ರಮ

ಬಲಗೈಯವರು ಹಾಳೆಯ ಎಡ ಮೇಲ್ತುದಿಯಿಂದ ಬಲ ಕೆಳಕ್ಕೆ ಬರಬೇಕು, ಎಡಗೈಯವರು ಇದಕ್ಕೆ ತಿರುಗುಮುರುಗು. ಕೈಯ ಕೆಳಗೆ ಸದಾ ಒಂದು ಶುಭ್ರ ಕಾಗದವಿರಲಿ. ಬೆವರಿನ ಜಿಡ್ಡು ತಗುಲಿದ ಕಡೆ ಗೆರೆ ತುಂಡಾಗುತ್ತದೆ, ಯಾಕೆಂದು ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹೊರಗೆರೆಗಳು 0.4ರಿಂದ 0.5 ಮಿ.ಮೀ., ಮೈಯೊಳಗಿನ ಗೆರೆಗಳು (ಕತ್ತಿನ ಮೂರು ಮಡಿಕೆ, ಮೊಣಕೈ, ಬೆರಳಿನ ಗೆಣ್ಣು) 0.25, ನೆರಿಗೆ ಮತ್ತು ಕೂದಲು 0.2 ಅಥವಾ ಅದಕ್ಕೂ ತೆಳು. ಎಲ್ಲ ಗೆರೆಗೂ ಒಂದೇ ದಪ್ಪವಾದರೆ ಚಿತ್ರ ಮಕ್ಕಳು ಬಣ್ಣ ತುಂಬುವ ಪುಸ್ತಕದ ಹಾಳೆಯಂತಾಗುತ್ತದೆ. ಒಂದು ಅಂಗ ಇನ್ನೊಂದರ ಹಿಂದೆ ಸರಿಯುವ ಕಡೆ, ಉದಾಹರಣೆಗೆ ಗಲ್ಲದ ಕೆಳಗೆ, ಕಂಕುಳಲ್ಲಿ, ಮಂಡಿ ಪೀಠಕ್ಕೆ ತಾಗುವಲ್ಲಿ, ಗೆರೆ ಕೊಂಚ ತುಂಬಲಿ. ಕೆನ್ನೆ, ಭುಜದ ಮೇಲ್ಭಾಗ, ಮಂಡಿಯ ಮೇಲ್ಮೈಯಲ್ಲಿ ತೆಳುವಾಗಲಿ. ಉದ್ದ ಗೆರೆಯನ್ನು ಉಸಿರು ಬಿಡುತ್ತ, ಬೆರಳಿನಿಂದಲ್ಲದೆ ಮೊಣಕೈಯಿಂದ ಎಳೆಯಿರಿ. ನಡುವೆ ನಿಲ್ಲಿಸಲೇಬೇಕಾದರೆ ಬಳೆ, ವಂಕಿ ಅಥವಾ ಸೀರೆಯ ಅಂಚು ಬರುವ ಕಡೆ ನಿಲ್ಲಿಸಿ. ಬೆಸುಗೆ ಅಲ್ಲಿ ಕಾಣುವುದಿಲ್ಲ.

ಒಡವೆಗಳಲ್ಲಿ ಮುತ್ತಿನ ಸರಕ್ಕೆ ತಾಳ್ಮೆ ಬೇಕು. ದಾರದ ಬಾಗನ್ನು ಪೆನ್ಸಿಲಿನಲ್ಲಿ ಎಳೆದುಕೊಂಡು ನಡುವಿನ ದೊಡ್ಡ ಮುತ್ತನ್ನು ಮೊದಲು ಬರೆದು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಪೋಣಿಸುತ್ತ ಮೇಲೇರಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಗೆ ಅರ್ಧ ಮುತ್ತು ಉಳಿದೇ ಉಳಿಯುತ್ತದೆ. ಮುತ್ತು 1.5 ಮಿ.ಮೀ. ವೃತ್ತ, ಕೆಳಬದಿಗೆ ಉಗುರಿನಂಥ ಒಂದೇ ಗೆರೆ, ಒಳಗೆ ಬರಿ ಕಾಗದ. ಮೈಸೂರು ಚಿತ್ರಗಳಲ್ಲಿ ಕಿರೀಟ, ಡಾಬು, ವಂಕಿಗಳ ಕೆತ್ತನೆಯನ್ನು ಗೆಸ್ಸೊ ಕೆಲಸದಿಂದ (ಪುಡಿಗೆ ಅಂಟು ಕಲಸಿದ ಲೇಪದಿಂದ) ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಆ ಉಬ್ಬನ್ನು ಶಾಯಿಯಲ್ಲಿ ತೋರಿಸಬೇಕಾದರೆ ಕುಸುರಿಯ ಪ್ರತಿ ಬಳ್ಳಿಗೆ ಕೆಳಬದಿಯ ಗೆರೆಯನ್ನು 05ರಲ್ಲಿ, ಮೇಲ್ಬದಿಯದನ್ನು 005ರಲ್ಲಿ ಎಳೆದು, ಬಳ್ಳಿಗಳ ನಡುವಿನ ಸಂದುಗಳನ್ನು ಪೂರ್ತಿ ಕಪ್ಪು ತುಂಬಿ. ನಾಲ್ಕಡಿ ದೂರದಿಂದ ನೋಡಿ, ಕೆತ್ತನೆ ಎದ್ದು ಬಂದಿರುತ್ತದೆ.

ಕಪ್ಪನ್ನು ಎಲ್ಲಿಡಬೇಕು

ನೆರಳಿಗೆ ಕೈ ಹಾಕುವ ಮೊದಲು ಚೂರು ಕಾಗದದ ಮೇಲೆ ಐದು ಚೌಕ ಬರೆದು ಮಾದರಿ ಮಾಡಿಕೊಳ್ಳಿ. 0.2 ಮಿ.ಮೀ. ದಪ್ಪದ ಗೆರೆಗಳನ್ನು 2 ಮಿ.ಮೀ.ಗೆ ಒಂದರಂತೆ ಎಳೆದರೆ ಕಾಗದದ ಹತ್ತನೆಯ ಒಂದು ಪಾಲು ಕಪ್ಪಾಗುತ್ತದೆ, 1 ಮಿ.ಮೀ.ಗೆ ಒಂದರಂತೆ ಐದನೆಯ ಒಂದು, ಅರ್ಧ ಮಿ.ಮೀ.ಗೆ ಒಂದರಂತೆ ಐದರಲ್ಲಿ ಎರಡು ಪಾಲು. ಅದರ ಮೇಲೆ ಅಷ್ಟೇ ಒತ್ತಾದ ಅಡ್ಡಗೆರೆ ಹಾಕಿದರೆ ಶೇ. 64. ಐದನೆಯದು ಪೂರ್ತಿ ಕಪ್ಪು. ಈ ಚಿತ್ರಕ್ಕೆ ಇಷ್ಟು ಛಾಯೆ ಸಾಕು, ಇದನ್ನು ಕಣ್ಣೆದುರು ಇಟ್ಟುಕೊಂಡೇ ಕೆಲಸ ಮಾಡಿ.

ಈಗ ಬಿಳಿಯ ಮಾತು. ದೇವಿಯ ಮೈಮೇಲೆ ಹ್ಯಾಚಿಂಗ್, ಅಂದರೆ ಒತ್ತೊತ್ತು ಗೆರೆಗಳ ನೆರಳು, ಮಾಡಬೇಡಿ. ಒಂದು ಕಡೆಯಿಂದ ಬೆಳಕು ಬಿದ್ದು ಇನ್ನೊಂದು ಕಡೆ ನೆರಳಾಗುವುದು ಮನುಷ್ಯರ ಭಾವಚಿತ್ರಕ್ಕೆ ಸರಿ. ಶ್ಲೋಕ ಹೇಳಿದ ಬಿಳುಪು ಹೊರಗಿನಿಂದ ಬಿದ್ದ ಬೆಳಕಿನದಲ್ಲ, ಕೆನ್ನೆಯ ಮೇಲೆ ನೆರಳಿನ ಗೆರೆ ಎಳೆದರೆ ಅದು ಬರೀ ಕೊಳೆಯಾಗಿ ಕಾಣುತ್ತದೆ. ಮೈಯ ದುಂಡುತನ ತೋರಿಸಲೇಬೇಕೆಂದರೆ ಹೊರಗೆರೆಯ ಒಳಬದಿಗೆ 005ರಲ್ಲಿ ಚುಕ್ಕೆಗಳನ್ನು ಇಡಬಹುದು, ಅದೂ 2 ಮಿ.ಮೀ. ಪಟ್ಟಿಯಷ್ಟೇ. ಮುಖಕ್ಕೆ ಅದೂ ಬೇಡ.

ಬಿಳಿ ಹೊಳೆಯಬೇಕಾದರೆ ಕಪ್ಪು ಅದರ ನೆರೆಯಲ್ಲಿರಬೇಕು. ಪ್ರಭಾವಳಿಯ ಒಳಬಯಲು ಈ ಕೆಲಸಕ್ಕೆಂದೇ ಇದೆ. ಅದನ್ನು ಅರ್ಧ ಮಿ.ಮೀ. ಅಂತರದ ಎರಡು ದಿಕ್ಕಿನ ಗೆರೆಗಳಿಂದ ತುಂಬಿ. ಆದರೆ ಗೆರೆಗಳು ದೇವಿಯ ಹೊರಗೆರೆಗೆ ತಾಗದಿರಲಿ. ಭುಜ, ಕಿರೀಟ, ಹಿಂದಿನ ಕೈಗಳ ಸುತ್ತ 1 ಮಿ.ಮೀ. ಬಿಳಿ ಸೆರಗು ಬಿಡಿ. ಆ ಒಂದು ಮಿ.ಮೀ. ಜಾಗದಿಂದಲೇ ಮೂರ್ತಿಯ ಸುತ್ತ ಕಾಂತಿ ಹುಟ್ಟುತ್ತದೆ. ಗೆರೆಗಳ ಅಡ್ಡಕೋನ 90 ಡಿಗ್ರಿಯಾದರೆ ಕಿಟಕಿಯ ಜಾಲರಿಯಂತೆ ಕಾಣುತ್ತದೆ, 30ರಿಂದ 40 ಡಿಗ್ರಿ ಇರಲಿ. ಒಂದು ದಿಕ್ಕಿನ ಗೆರೆ ಪೂರ್ತಿ ಒಣಗದೆ ಎರಡನೆಯದಕ್ಕೆ ಹೋದರೆ ಕೂಡುವ ಬಿಂದುಗಳಲ್ಲೆಲ್ಲ ಶಾಯಿ ಮಡುಗಟ್ಟುತ್ತದೆ.

ಎರಡನೆಯ ಕಪ್ಪು ಕೂದಲು. ಭುಜದ ಮೇಲೆ ಇಳಿದ ಮುಡಿಯನ್ನು ಎಳೆ ಎಳೆಯಾಗಿ ಬುಡದಿಂದ ತುದಿಗೆ ಎಳೆದು, ನಡುವೆ ತೆಳು ಬಿಳಿಯ ಒಂದು ಪಟ್ಟಿ ಬಿಟ್ಟು, ಉಳಿದದ್ದನ್ನು ಕುಂಚದಿಂದ ತುಂಬಿ. ದಟ್ಟ ಶಾಯಿಯನ್ನು ಒಮ್ಮೆಗೇ ಸುರಿದರೆ ಒಣಗಿದ ಮೇಲೆ ಹೊಳಪಾಗಿ ಬಿರಿಯುತ್ತದೆ. ತುಸು ನೀರು ಬೆರೆಸಿ ಎರಡು ಸಲ ಹಚ್ಚಿ. ಮೂರನೆಯದು ಸೀರೆಯ ಅಂಚು. ಸೀರೆಯ ಒಡಲು ಬಿಳಿಯಾಗಿಯೇ ಉಳಿಯಬೇಕು. ನೆರಿಗೆಗಳನ್ನು ಹುಟ್ಟುವ ಕಡೆ ಮತ್ತು ಕೊನೆಯಾಗುವ ಕಡೆ ಮಾತ್ರ ಎಳೆದು ನಡುವೆ ಬಿಟ್ಟುಬಿಡಿ. ಬಿಟ್ಟ ಗೆರೆಯನ್ನು ನೋಡುವವರ ಕಣ್ಣು ಪೂರ್ತಿ ಮಾಡುತ್ತದೆ. ಅಂಚಿನ ಪಟ್ಟಿ ಮಾತ್ರ 5 ಮಿ.ಮೀ. ಅಗಲಕ್ಕೆ ಕಪ್ಪು, ಒಳಗೆ ಬಿಳಿ ಬಿಟ್ಟ ಸಣ್ಣ ಹೂಗಳು. ತಾವರೆಯ ದಳಗಳಿಗೂ ಇದೇ ನ್ಯಾಯ. ನಡುದಳವನ್ನು ಮೊದಲು ಬರೆದು ಎರಡೂ ಕಡೆಗೆ ಸರಿಯುತ್ತ, ಎರಡನೆಯ ಸಾಲನ್ನು ಸಂದುಗಳಲ್ಲಿ ಇಣುಕಿಸಿ. ದಳದ ಬುಡದಿಂದ ಮೂರನೆಯ ಒಂದು ಪಾಲಿನಷ್ಟು ಎತ್ತರಕ್ಕೆ ಮಾತ್ರ ಸಣ್ಣ ಗೆರೆಗಳು.

ಹಳೆಯ ಸ್ತೋತ್ರದ ಪುಸ್ತಕ, ಪಂಚಾಂಗಗಳ ದೇವರ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ಲೆಕ್ಕವೆಲ್ಲ ಕಾಣುತ್ತದೆ. ಗೆರೆಚಿತ್ರವನ್ನು ಲೋಹದ ಅಚ್ಚಿಗೆ ಇಳಿಸಿದ ಲೈನ್ ಬ್ಲಾಕಿನಲ್ಲಿ ಅಚ್ಚಾಗುತ್ತಿದ್ದದ್ದು ಕಪ್ಪು ಇಲ್ಲವೇ ಬಿಳಿ, ನಡುವಿನ ಬೂದು ಅದಕ್ಕೆ ಬರುತ್ತಿರಲಿಲ್ಲ. ಆ ಚಿತ್ರಗಾರರು ಗೆರೆಯ ಅಂತರದಿಂದಲೇ ಎಲ್ಲ ಛಾಯೆಯನ್ನೂ ಹೊರಡಿಸಬೇಕಿತ್ತು. ನೀವೂ ಚಿತ್ರವನ್ನು ಉಪನಯನದ ಇಲ್ಲವೇ ಮದುವೆಯ ಲಗ್ನಪತ್ರಿಕೆಗೆ ಕೊಡುವುದಾದರೆ ಒಂದು ಎಚ್ಚರ: ಅರ್ಧಕ್ಕೆ ಕುಗ್ಗಿಸಿ ಅಚ್ಚು ಹಾಕಿದರೆ ಅರ್ಧ ಮಿ.ಮೀ. ಅಂತರ ಕಾಲು ಮಿ.ಮೀ. ಆಗಿ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ಚಿತ್ರಕ್ಕೆ ಮೊದಲೇ 1 ಮಿ.ಮೀ. ಅಂತರ ಇಟ್ಟುಕೊಂಡು, 600 ಡಿಪಿಐಗಿಂತ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿಸಿ.

ಕೆಟ್ಟರೆ

ಹನಿ ಬಿದ್ದರೆ ಒರೆಸಬೇಡಿ. ಬ್ಲಾಟಿಂಗ್ ಕಾಗದದ ಮೂಲೆಯನ್ನು ಹನಿಯ ನೆತ್ತಿಗೆ ತಾಗಿಸಿ, ಅದು ತಾನೇ ಹೀರಿಕೊಳ್ಳುತ್ತದೆ. ಉಳಿದ ಕಲೆ ಒಂದು ದಿನ ಒಣಗಲಿ. ಆಮೇಲೆ ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ಪದರ ಪದರವಾಗಿ ಕೆರೆದು, ಚಮಚದ ಬೆನ್ನಿನಿಂದ ಉಜ್ಜಿ ನುಣುಪು ಮಾಡಿ. ಅಲ್ಲಿ ಮತ್ತೆ ಗೆರೆ ಬೇಕಾದರೆ ನಿಬ್ಬು ಬೇಡ, ಪಿಗ್ಮೆಂಟ್ ಪೆನ್ನಿನಲ್ಲಿ ಹಗುರಾಗಿ ಎಳೆಯಿರಿ. ಬಿಳಿ ಪೋಸ್ಟರ್ ಬಣ್ಣದಿಂದ ಮುಚ್ಚುವುದು ಕಪ್ಪು ತುಂಬಿದ ಕಡೆಗೆ ನಡೆಯುತ್ತದೆ, ಬರಿ ಕಾಗದದ ಮೇಲೆ ಆ ಬಿಳಿ ಬೇರೆಯಾಗಿಯೇ ಕಾಣುತ್ತದೆ.

ಗೆರೆಯ ಅಂಚು ಬೇರಿನಂತೆ ಹರಡಿದರೆ ಕಾಗದ ತೇವ ಕುಡಿದಿದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ನಿತ್ಯದ ಪಾಡು. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿಡಿ. ಒಂದು ಗೆರೆ ನಡುವೆ ಸೀಳಿ ಎರಡಾದರೆ ನಿಬ್ಬಿನಲ್ಲಿ ಶಾಯಿ ಮುಗಿದಿದೆ ಅಥವಾ ಒತ್ತಡ ಹೆಚ್ಚಾಗಿದೆ. ಒಣಗಿದ ಅರಗು ನಿಬ್ಬಿಗೆ ಅಂಟಿ ಕೂತಿದ್ದರೆ ಗಾಜು ಒರೆಸುವ ಅಮೋನಿಯಾ ದ್ರಾವಣದಲ್ಲಿ ಕೆಲವು ನಿಮಿಷ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ.

ಕಣ್ಣು

ಮೂರ್ತಿಗೆ ಕಣ್ಣು ತೆರೆಸುವುದು ಕೊನೆಗೆ. ಶಿಲ್ಪಿಗಳ ಈ ರೂಢಿಯನ್ನು ಚಿತ್ರಗಾರರೂ ಪಾಲಿಸುತ್ತಾರೆ. ರೆಪ್ಪೆ, ಹುಬ್ಬು, ಮೂಗು, ತುಟಿಗಳನ್ನು ಮುಖದ ಜೊತೆಯಲ್ಲೇ ಬರೆದು, ಕಣ್ಣಾಲಿಯನ್ನು ಮಾತ್ರ ಉಳಿಸಿಕೊಳ್ಳಿ. ಕೈ ಸೋತ ರಾತ್ರಿ ಅದಕ್ಕೆ ಕೂರಬೇಡಿ, ಮರುದಿನ ಬೆಳಗಿನ ಬೆಳಕಿನಲ್ಲಿ, ಚೂರು ಕಾಗದದ ಮೇಲೆ ಅದೇ ಅಳತೆಯ ಹತ್ತು ಜೋಡಿ ಕಣ್ಣು ಬರೆದ ಮೇಲೆ ಕೂರಿ. ಕಣ್ಣಾಲಿಯ ಮೇಲ್ಭಾಗ ರೆಪ್ಪೆಯಡಿ ಕೊಂಚ ಮುಚ್ಚಿರಲಿ, ಕೆಳರೆಪ್ಪೆಗೆ ತಾಗಿಯೂ ತಾಗದಂತಿರಲಿ. ಸುತ್ತಲೂ ಬಿಳಿ ಕಂಡರೆ ಉಗ್ರವಾಗುತ್ತದೆ. ಒಳಗೆ ಗುಂಡುಸೂಜಿಯ ತಲೆಗಿಂತ ಸಣ್ಣ ಬಿಳಿ ಚುಕ್ಕೆ ಬಿಟ್ಟು 005ರಲ್ಲಿ ಸುತ್ತ ತುಂಬಿ. ಎರಡು ಕಣ್ಣುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬೆಳೆಸಬೇಕು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ನೋಟ ಒಂದೇ ಕಡೆ ಕೂಡುವುದಿಲ್ಲ. ಹಾಳೆಯನ್ನು ತಲೆಕೆಳಗು ಮಾಡಿ, ಕನ್ನಡಿಯಲ್ಲಿಯೂ ಒಮ್ಮೆ ನೋಡಿ. ಒಂದು ಕಣ್ಣು ಏರಿದ್ದರೆ ಆಗ ತಪ್ಪದೆ ಕಾಣುತ್ತದೆ.

24 ಗಂಟೆ ಬಿಟ್ಟು ಪೆನ್ಸಿಲ್ ಗುರುತುಗಳನ್ನು ಅಳಿಸಿ, ಉಜ್ಜದೆ ಒತ್ತಿ ಎತ್ತಿ. ಉಜ್ಜಿದರೆ ಕಪ್ಪು ಬೂದಾಗುತ್ತದೆ. ಹೆಸರು, ತಾರೀಖನ್ನು ಪೀಠದ ಕೆಳಗೆ ಸಣ್ಣದಾಗಿ ಬರೆಯಿರಿ. ಕಟ್ಟು ಹಾಕಿಸುವಾಗ ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ ಪಡೆಯಿರಿ. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದರೆ ಮಳೆಗಾಲದ ತೇವಕ್ಕೆ ಎರಡೂ ಅಂಟಿಕೊಳ್ಳುತ್ತವೆ. ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿ ಗೋಡೆಯಿಂದ ಅರ್ಧ ಸೆಂ.ಮೀ. ದೂರ ನಿಲ್ಲಿಸಿ. ದೇವರ ಮನೆಯಲ್ಲಿ ತೂಗುಹಾಕುವುದಾದರೆ ದೀಪದ ನೇರಕ್ಕೆ ಬೇಡ. ಎಣ್ಣೆಯ ಹೊಗೆ ವರ್ಷದೊಳಗೆ ಗಾಜಿನ ಸಂದಿಯಿಂದ ಒಳನುಗ್ಗಿ, ಅಷ್ಟು ಜತನದಿಂದ ಉಳಿಸಿದ ಬಿಳಿಯನ್ನು ಹಳದಿ ಮಾಡುತ್ತದೆ.